ಗಡಿಗೆರೆಯ ಆಚೆ ಏನು ಬೇಕಾದರೂ ಕಟ್ಟಬಹುದೇ? ಸಂರಕ್ಷಿತ ಪ್ರದೇಶಗಳ ಆಸುಪಾಸಿನ ಬಗ್ಗೆ ಚರ್ಚೆ

ಕಲ್ಲುಚಪ್ಪಡಿ (ಚರ್ಚೆ ಶುರು ಮಾಡಿದವರು)

ಒಂದು ಹಳೆಯ ಪೇಟೆಯನ್ನೋ, ಕೋಟೆಯನ್ನೋ, ದೇವಾಲಯಗಳ ಗುಂಪನ್ನೋ ಸಂರಕ್ಷಿತ ಪ್ರದೇಶ ಅಂತ ಘೋಷಿಸುತ್ತಾರೆ. ನಕ್ಷೆಯ ಮೇಲೆ ಒಂದು ಗೆರೆ ಬೀಳುತ್ತದೆ. ಗೆರೆಯ ಒಳಗೆ ಕಿಟಕಿ ಬದಲಿಸಲೂ ಅನುಮತಿ ಬೇಕು. ಆದರೆ ಎಷ್ಟೋ ಕಡೆ ಗೆರೆ ದಾಟಿದ ಕೂಡಲೇ ಮೂವತ್ತು ಮಹಡಿ ಎಬ್ಬಿಸಿದರೂ ಕೇಳುವವರಿಲ್ಲ. ಒಳಗಿನ ಒಂದು ಕಲ್ಲೂ ಕದಲಿರುವುದಿಲ್ಲ. ಆದರೂ ಜಾಗ ಮೊದಲಿನಂತೆ ಉಳಿದಿರುವುದಿಲ್ಲ.

ಜರ್ಮನಿಯ ಕಲೋನ್ ಕೆಥೆಡ್ರಲ್ ನೋಡಿ. ಸುಮಾರು 157 ಮೀಟರ್ ಎತ್ತರದ ಜೋಡಿ ಗೋಪುರ. 1996ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆಮೇಲೆ ರೈನ್ ನದಿಯ ಎದುರು ದಡದಲ್ಲಿ, ಡಾಯ್ಟ್ಸ್ ಎಂಬಲ್ಲಿ, ಎತ್ತರದ ಕಟ್ಟಡಗಳ ಒಂದು ಸಾಲನ್ನೇ ಕಟ್ಟುವ ಯೋಜನೆ ಬಂತು. ಆ ದಡಕ್ಕೆ ಬಫರ್ ವಲಯವೇ, ಅಂದರೆ ಸಂರಕ್ಷಿತ ಜಾಗದ ಸುತ್ತ ಕಟ್ಟಡಗಳ ಮೇಲೆ ಹಿಡಿತ ಇಡುವ ಪಟ್ಟಿಯೇ, ಇರಲಿಲ್ಲ. ಕೆಥೆಡ್ರಲ್ ಇರುವುದು ಈಚೆ ದಡದಲ್ಲಿ, ಆಚೆ ದಡ ಯಾಕೆ ಲೆಕ್ಕಕ್ಕೆ ಬರಬೇಕು ಅನ್ನುವ ಧೋರಣೆ. ಆದರೆ ಆ ಗೋಪುರಗಳನ್ನು ಜನ ತಲೆಮಾರುಗಳಿಂದ ನೋಡುತ್ತಾ ಬಂದಿರುವುದೇ ನದಿಯ ಮೇಲಿನಿಂದ, ಸೇತುವೆಯಿಂದ, ಎದುರು ದಡದಿಂದ. 2004ರಲ್ಲಿ ಯುನೆಸ್ಕೊ ಅದನ್ನು ಅಪಾಯದ ಪಟ್ಟಿಗೆ, ಅಂದರೆ ಕೆಡುವ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ, ಹಾಕಿತು. ಅಷ್ಟರಲ್ಲಿ 103 ಮೀಟರ್‌ನ ಒಂದು ಕಟ್ಟಡ ಏಳುತ್ತಿತ್ತು. ಉಳಿದವನ್ನು ಕೈಬಿಟ್ಟ ಮೇಲೆ 2006ರಲ್ಲಿ ಆ ಪಟ್ಟಿಯಿಂದ ಹೊರಬಂತು.

ನನಗೆ ಇದರಲ್ಲಿ ಕಾಣುವುದು ಒಂದೇ. ಸುತ್ತಮುತ್ತ ಯಾವುದು ಮುಖ್ಯ ಅನ್ನುವುದನ್ನು ಅರ್ಜಿ ಬಂದ ಮೇಲೆ ಕೂತು ಯೋಚಿಸಿದರೆ ಹೊತ್ತು ಮೀರಿರುತ್ತದೆ. ಪ್ರದೇಶವನ್ನು ಘೋಷಿಸುವ ದಿನವೇ ಅದನ್ನೂ ಬರೆದಿಡಬೇಕು. ಎಲ್ಲಿಂದ ಕಾಣುತ್ತದೆ, ಯಾವ ದಾರಿಯಿಂದ ಜನ ಬರುತ್ತಾರೆ, ಹಿಂದೆ ಬೆಟ್ಟ ಇದೆಯೇ, ಮುಂದೆ ಕೆರೆ ಇದೆಯೇ, ಎಲ್ಲವನ್ನೂ. ಇದನ್ನು ಹೇಗೆ ಮಾಡುವುದು ಅನ್ನುವ ಬಗ್ಗೆ ಗೊತ್ತಿರುವವರು ಬರೆಯಿರಿ. ಬರೀ ಮೀಟರ್ ಲೆಕ್ಕ ಸಾಕಾಗುತ್ತದಾ?

ಅಳತೆಪಟ್ಟಿ

ಸಾಕಾಗುವುದಿಲ್ಲ. ಆದರೆ ಬೇಕು.

ಭಾರತದಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಫ್ರಾನ್ಸ್‌ನಲ್ಲಿ 1943ರಿಂದಲೇ 500 ಮೀಟರ್ ನಿಯಮ ಇದೆ. ಆ ವೃತ್ತದೊಳಗೆ ಸ್ಮಾರಕದಿಂದ ಕಾಣುವ, ಅಥವಾ ಸ್ಮಾರಕದ ಜೊತೆಗೇ ಕಣ್ಣಿಗೆ ಬೀಳುವ ಕಟ್ಟಡ ಕಟ್ಟಬೇಕಾದರೆ ಸರ್ಕಾರದ ಪರಂಪರೆ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು.

ಮೀಟರ್ ನಿಯಮದ ಒಳ್ಳೆಯ ಗುಣ ಅಂದರೆ ವಾದಕ್ಕೆ ಜಾಗ ಇಲ್ಲ. ಟೇಪು ಹಿಡಿದು ಅಳೆದರೆ ಮುಗಿಯಿತು. ಸಣ್ಣ ಊರಿನ ಕಚೇರಿಯಲ್ಲಿ ಒಬ್ಬ ಗುಮಾಸ್ತರೂ ಹೇಳಬಲ್ಲರು, ಇದು ಒಳಗೆ, ಇದು ಹೊರಗೆ ಅಂತ. ಒತ್ತಡ ಹಾಕುವವರಿಗೂ ಅವಕಾಶ ಕಡಿಮೆ.

ಕೆಟ್ಟ ಗುಣ ಅಂದರೆ ವೃತ್ತಕ್ಕೆ ಕಣ್ಣಿಲ್ಲ. ಇಕ್ಕಟ್ಟಾದ ಗಲ್ಲಿಯ ಒಳಗಿರುವ ಸಣ್ಣ ಗುಡಿಗೂ ಬೆಟ್ಟದ ತುದಿಯ ಕೋಟೆಗೂ ಅದೇ 100 ಮೀಟರ್. ಗಲ್ಲಿಯಲ್ಲಿ ಎಂಬತ್ತು ಮೀಟರ್ ದೂರದ, ಯಾರಿಗೂ ಕಾಣದ ಮನೆಯವರು ಒಂದು ಕೋಣೆ ಹೆಚ್ಚಿಸಿಕೊಳ್ಳಲು ಪರದಾಡುತ್ತಾರೆ. ಬೆಟ್ಟದ ಕೆಳಗೆ ಒಂದು ಕಿಲೋಮೀಟರ್ ಆಚೆಯ ಗೋಪುರ ಇಡೀ ನೋಟವನ್ನೇ ಮುಚ್ಚುತ್ತದೆ, ಅದಕ್ಕೆ ಯಾವ ತಡೆಯೂ ಇಲ್ಲ. ಫ್ರಾನ್ಸ್ 2016ರಲ್ಲಿ ಕಾನೂನು ತಿದ್ದಿದ್ದೂ ಇದೇ ಕಾರಣಕ್ಕೆ. ಈಗ ಅಲ್ಲಿ ವೃತ್ತದ ಬದಲು ಜಾಗಕ್ಕೆ ತಕ್ಕ ಹಾಗೆ ಗಡಿ ಎಳೆಯಬಹುದು. ನಮ್ಮ ಕಾಯ್ದೆಯಲ್ಲೂ ಪ್ರತಿ ಸ್ಮಾರಕಕ್ಕೂ ಬೇರೆ ಬೇರೆ ಪರಂಪರೆ ಬೈಲಾ (ಆ ಜಾಗಕ್ಕೇ ತಕ್ಕ ನಿಯಮಾವಳಿ) ಮಾಡಬೇಕು ಅಂತಿದೆ. ಅದನ್ನು ಚೆನ್ನಾಗಿ ಬರೆದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಇನ್ನೊಂದು ದಾರಿ ನೋಟಗಳನ್ನೇ ಪಟ್ಟಿ ಮಾಡುವುದು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿಗೆ 1930ರ ದಶಕದಲ್ಲೇ ಇದನ್ನು ಮಾಡಿದರು. ಫ್ಯಾರಡೆ ಬಿಲ್ಡಿಂಗ್ ಎಂಬ ದೊಡ್ಡ ಕಟ್ಟಡ ಎದ್ದು ನದಿ ಕಡೆಯ ನೋಟ ಮುಚ್ಚಿದ ಮೇಲೆ ಎಚ್ಚೆತ್ತುಕೊಂಡು, ಸುತ್ತಲಿನ ಯಾವ ಜಾಗದಲ್ಲಿ ಎಷ್ಟು ಎತ್ತರ ಅಂತ ಚೌಕ ಚೌಕವಾಗಿ ಗೊತ್ತುಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ.

ಇದೇ ಕೆಥೆಡ್ರಲ್ಲಿಗೆ ಇನ್ನೊಂದು ನೋಟ ಇದೆ, ತುಂಬಾ ದೂರದ್ದು. ರಿಚ್ಮಂಡ್ ಪಾರ್ಕಿನಲ್ಲಿ ಒಂದು ದಿಬ್ಬ. ಅದರ ಮೇಲೆ ಹಸಿರು ಬೇಲಿ. ಬೇಲಿಯಲ್ಲಿ ಒಂದು ಕಿಂಡಿ ಕತ್ತರಿಸಿ ಬಿಟ್ಟಿದ್ದಾರೆ. ಅದರೊಳಗೆ ಕಣ್ಣಿಟ್ಟರೆ ಮರಗಳ ನಡುವಿನ ಓಣಿಯ ತುದಿಯಲ್ಲಿ, ಸುಮಾರು 16 ಕಿಲೋಮೀಟರ್ ಆಚೆ, ಕೆಥೆಡ್ರಲ್ಲಿನ ಗುಮ್ಮಟ ಸರಿಯಾಗಿ ನಡುಮಧ್ಯೆ ನಿಂತಿರುತ್ತದೆ. ಆ ಕಿಂಡಿಯಿಂದ ಗುಮ್ಮಟದವರೆಗಿನ ಗೆರೆಯಲ್ಲಿ ಅಡ್ಡ ಏನೂ ಏಳಬಾರದು ಅಂತ ನಿಯಮ. ಎಲ್ಲರೂ ಪಾಲಿಸಿದರು. 2016ರಲ್ಲಿ ನೋಡಿದರೆ ಗುಮ್ಮಟದ ಹಿಂದೆಯೇ ಒಂದು ಗೋಪುರ ಕಾಣಿಸಿಕೊಂಡಿತು. ಇನ್ನೂ ಹಲವು ಕಿಲೋಮೀಟರ್ ಆಚೆ ಸ್ಟ್ರಾಟ್‌ಫರ್ಡ್‌ನಲ್ಲಿ ಏಳುತ್ತಿದ್ದ 42 ಮಹಡಿ ಕಟ್ಟಡ. ಗುಮ್ಮಟದ ಸುತ್ತ ಇದ್ದ ಬರಿ ಆಕಾಶ ಹೋಯಿತು. ಮುಂದಿನ ಅಡ್ಡಿಯ ಬಗ್ಗೆ ಅಷ್ಟು ಕಟ್ಟುನಿಟ್ಟು, ಅಷ್ಟು ದೂರದ ಹಿನ್ನೆಲೆಯ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಹಾಗಾಗಿ ನೋಟ ಪಟ್ಟಿ ಮಾಡುವಾಗ ಬೆನ್ನ ಹಿಂದೆ ಏನಿದೆ ಅನ್ನುವುದನ್ನೂ ಬರೆಯಿರಿ.

ಬಿಸಿಲುಮಚ್ಚು

ಕಿಂಡಿಯ ಕಥೆ ಓದಿ ಸಂಕಟವಾಯಿತು. ಮುನ್ನೂರು ವರ್ಷದಿಂದ ಕಾಯ್ದುಕೊಂಡು ಬಂದ ನೋಟ ಅದು.

ಮೂಲೆಮನೆ

ನಾನು ಇನ್ನೊಂದು ಮಗ್ಗುಲಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳೆಯ ಪ್ರದೇಶಗಳ ಸುತ್ತ ಖಾಲಿ ಜಾಗ ಇರುವುದಿಲ್ಲ. ಅಲ್ಲಿ ಜನ ಇದ್ದಾರೆ. ಅವರ ಮಕ್ಕಳಿಗೆ ಮನೆ ಬೇಕು, ರಸ್ತೆ ಬೇಕು, ಸೇತುವೆ ಬೇಕು. ನೋಟ ಕಾಪಾಡಿ ಅನ್ನುವವರು ಹೆಚ್ಚಾಗಿ ಒಂದು ದಿನ ಬಂದು ನೋಡಿ ಹೋಗುವವರು.

ಹಂಪಿಯನ್ನೇ ತೆಗೆದುಕೊಳ್ಳಿ. ತಳವಾರಘಟ್ಟದಿಂದ ಆನೆಗೊಂದಿಗೆ ಹೋಗಬೇಕಾದರೆ ತುಂಗಭದ್ರೆ ದಾಟಬೇಕು. ಜನ ಹರಿಗೋಲಿನಲ್ಲಿ ಬೈಕು, ಚೀಲ, ಮಕ್ಕಳು ಎಲ್ಲ ಹೇರಿಕೊಂಡು ದಾಟುತ್ತಿದ್ದರು. ಹೊಳೆ ತುಂಬಿದರೆ ಅದೂ ಇಲ್ಲ. ಅವರಿಗೆ ಸೇತುವೆ ಬೇಕಿತ್ತು, ಆ ಬೇಡಿಕೆಯಲ್ಲಿ ತಪ್ಪೇನಿತ್ತು? ಸೇತುವೆ ಕೆಲಸದ ಕಾರಣಕ್ಕೆ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಹೋಯಿತು, 2006ರವರೆಗೆ ಅಲ್ಲೇ ಇತ್ತು. ಸೇತುವೆ ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕುಸಿದು ಕೆಲಸದವರು ಸತ್ತರು. ಆಮೇಲೆ 2011ರಲ್ಲಿ ವಿರೂಪಾಕ್ಷ ಬಜಾರಿನಿಂದ ಕುಟುಂಬಗಳನ್ನು ಎಬ್ಬಿಸಿದರು. ಹಳೆಯ ಮಂಟಪಗಳಿಗೆ ಹೊಂದಿಕೊಂಡು ತಲೆಮಾರಿನಿಂದ ಅಂಗಡಿ, ಮನೆ ಮಾಡಿಕೊಂಡಿದ್ದವರು. ಆಸುಪಾಸು ಕಾಪಾಡುವುದು ಅಂದರೆ ಇದೇನಾ?

ಜರ್ಮನಿಯ ಡ್ರೆಸ್ಡೆನ್ ಇನ್ನೊಂದು. ಅಲ್ಲಿನ ಎಲ್ಬ್ ನದಿಯ ಕಣಿವೆ 2004ರಲ್ಲಿ ಪಟ್ಟಿಗೆ ಸೇರಿತು. 2005ರಲ್ಲಿ ಊರಿನವರ ಮತ ಕೇಳಿದರು, ನದಿಗೆ ಸೇತುವೆ ಬೇಕು ಅಂತ ಹೆಚ್ಚಿನವರು ಹೇಳಿದರು. ಕಟ್ಟಲು ಶುರು ಮಾಡಿದರು. 2009ರಲ್ಲಿ ಯುನೆಸ್ಕೊ ಪಟ್ಟಿಯಿಂದಲೇ ತೆಗೆದುಹಾಕಿತು. ಜನರ ಮತಕ್ಕೆ ಬೆಲೆ ಇಲ್ಲವೇ?

ಕಲ್ಲುಚಪ್ಪಡಿ

ಮೂಲೆಮನೆಯವರೇ, ಬೇಜಾರು ಯಾಕೆ, ಈ ಮಾತು ಬರಲೇಬೇಕಿತ್ತು. ಬಜಾರಿನವರನ್ನು ಎಬ್ಬಿಸಿದ್ದು ನನಗೂ ಒಪ್ಪಿಗೆಯಿಲ್ಲ. ಆಸುಪಾಸು ಅಂದರೆ ಬರೀ ಕಲ್ಲು, ಬಯಲು, ಆಕಾಶ ಅಲ್ಲ. 2005ರಲ್ಲಿ ಐಕೊಮೊಸ್ ಎಂಬ ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಚೀನಾದ ಶಿಆನ್‌ನಲ್ಲಿ ಸೇರಿ ಹೊರಡಿಸಿದ ಘೋಷಣೆಯಲ್ಲೇ ಇದು ಸ್ಪಷ್ಟವಾಗಿದೆ. ಒಂದು ಜಾಗದ ಸುತ್ತಮುತ್ತ ಅಂದಾಗ ಅಲ್ಲಿ ನಡೆಯುವ ಆಚರಣೆ, ಬಳಕೆ, ಜನರ ಸಂಬಂಧ ಎಲ್ಲವೂ ಸೇರುತ್ತದೆ. ತೇರು ಎಳೆಯುವವರನ್ನು, ಹೂವು ಮಾರುವವರನ್ನು ಆಚೆ ಕಳಿಸಿ ಬೀದಿಯನ್ನು ಚೊಕ್ಕಟ ಮಾಡಿದರೆ ಅದೂ ಆಸುಪಾಸನ್ನು ಕೆಡಿಸಿದಂತೆಯೇ. ಬಹುಮಹಡಿ ಕಟ್ಟಿ ಕೆಡಿಸುವುದು ಒಂದು ಬಗೆ, ಇದು ಇನ್ನೊಂದು ಬಗೆ.

ಸೇತುವೆ ವಿಷಯ ಮಾತ್ರ ನಾನು ಬೇರೆ ರೀತಿ ನೋಡುತ್ತೇನೆ. ಆನೆಗೊಂದಿಯವರಿಗೆ ದಾಟಲು ದಾರಿ ಬೇಕಿತ್ತು, ನಿಜ. ಆದರೆ ಆ ಸೇತುವೆ ಭಾರಿ ಲಾರಿಗಳನ್ನು ಸ್ಮಾರಕಗಳ ಮಧ್ಯದಿಂದಲೇ ಹಾಯಿಸುವಂಥದ್ದು. ಆಮೇಲೆ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆ ಬಂತಲ್ಲ, ಆ ಜಾಗದ ಯೋಚನೆ ಮೊದಲೇ ಬಂದಿದ್ದರೆ ಆ ಜೀವಗಳೂ ಉಳಿಯುತ್ತಿದ್ದವು, ಅಷ್ಟು ವರ್ಷವೂ ಉಳಿಯುತ್ತಿತ್ತು.

ಡ್ರೆಸ್ಡೆನ್ನಿನಲ್ಲೂ ಅಷ್ಟೇ. ಸೇತುವೆ ಬೇಕೋ ಬೇಡವೋ ಅಂತ ಮತ ಕೇಳಿದರು. ಸೇತುವೆಯೋ ಸುರಂಗವೋ ಅಂತ ಕೇಳಲಿಲ್ಲ. ಅಪಾಯದ ಪಟ್ಟಿಯ ಮಾತು ಬಂದದ್ದೇ 2006ರಲ್ಲಿ, ಮತದಾನ ಆದ ಮೇಲೆ. ಸುರಂಗ ಮಾಡಿ ಅನ್ನುವ ಸಲಹೆ ಗಟ್ಟಿಯಾಗುವ ಹೊತ್ತಿಗೆ ಎರಡೂ ಕಡೆಯವರ ಹಟ ಬೆಳೆದಿತ್ತು. ಜನರ ಮುಂದೆ ಎಲ್ಲ ದಾರಿಗಳನ್ನೂ ಇಟ್ಟು ಕೇಳಿ ಅನ್ನುವುದಷ್ಟೇ ನನ್ನ ಮಾತು.

ಅಳತೆಪಟ್ಟಿ

ಮನೆಗಳ ಬಗ್ಗೆ ಮೂಲೆಮನೆಯವರು ಹೇಳಿದ್ದಕ್ಕೆ ಜಪಾನಿನ ಕ್ಯೋಟೊ ನೋಡಬೇಕು. 2007ರಲ್ಲಿ ಆ ನಗರ ಧೈರ್ಯ ಮಾಡಿ ನಡುಪೇಟೆಯ ದೊಡ್ಡ ರಸ್ತೆಗಳಲ್ಲಿ ಎತ್ತರದ ಮಿತಿಯನ್ನು 45 ಮೀಟರಿನಿಂದ 31ಕ್ಕೆ ಇಳಿಸಿತು. ಒಳಗಲ್ಲಿಗಳಲ್ಲಿ 31ರಿಂದ 15ಕ್ಕೆ. ಛಾವಣಿ ಮೇಲಿನ ಜಾಹೀರಾತು ಫಲಕ, ಮಿನುಗುವ ದೀಪ ಎಲ್ಲ ತೆಗೆಸಿತು. ತೆಗೆಯಲು ಕೆಲವು ವರ್ಷ ಗಡುವನ್ನೂ ಕೊಟ್ಟಿತು. 38 ನೋಟಗಳನ್ನು ಹೆಸರಿಟ್ಟು ಕಾಪಾಡಿತು. ಅಲ್ಲಿನ ದೇಗುಲಗಳ ತೋಟಗಳಿಗೆ ದೂರದ ಬೆಟ್ಟವೇ ಹಿನ್ನೆಲೆ. ಗೋಡೆಯಾಚೆ ಒಂದು ನೀರಿನ ಟ್ಯಾಂಕು ತಲೆ ಎತ್ತಿದರೂ ತೋಟ ಕೆಟ್ಟಿತು ಅಂತಲೇ ಲೆಕ್ಕ.

ಆದರೆ ನಗರದ ಒಳಗೆ ಮನೆ ಸಿಗದೆ, ಸಿಕ್ಕರೂ ಕೊಳ್ಳಲಾಗದೆ ಎಳೆಯ ಕುಟುಂಬಗಳು ಪಕ್ಕದ ಊರುಗಳಿಗೆ ಹೋಗತೊಡಗಿದವು. 2023ರಲ್ಲಿ ಕ್ಯೋಟೊ ಕೆಲವು ಭಾಗಗಳಲ್ಲಿ, ರೈಲು ನಿಲ್ದಾಣದ ದಕ್ಷಿಣಕ್ಕೆ, ಯಮಾಶಿನಾ ಕಡೆ, ಮಿತಿಯನ್ನು ಸಡಿಲಿಸಿತು. ಹಳೆಯ ನಡುಪೇಟೆಯ ಮಿತಿಗೆ ಕೈ ಹಾಕಲಿಲ್ಲ. ಇದು ನನಗೆ ಸರಿ ಅನ್ನಿಸುತ್ತದೆ. ಒಂದು ಕಡೆ ಬೇಡ ಅನ್ನುವವರು ಇನ್ನೊಂದು ಕಡೆ ಕಟ್ಟಿ ಅಂತಲೂ ತೋರಿಸಬೇಕು. ಸುಮ್ನೆ ಎಲ್ಲೂ ಬೇಡ ಅಂತ ಕೂತರೆ ಜನ ನಮ್ಮ ಜೊತೆ ನಿಲ್ಲುವುದಿಲ್ಲ.

ಕಾಯ್ದೆಪುಟ

ಕಾನೂನಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲೇ ಹೆಚ್ಚಿನವರು ಎಡವುವುದು.

ಇಂಗ್ಲೆಂಡಿನಲ್ಲಿ ಒಂಟಿ ಕಟ್ಟಡದ ಬದಲು ಇಡೀ ಪ್ರದೇಶವನ್ನೇ ಸಂರಕ್ಷಿಸುವ ಪದ್ಧತಿ 1967ರ ಕಾಯ್ದೆಯಿಂದ ಬಂತು. ಈಗ ಇರುವುದು 1990ರ ಕಾಯ್ದೆ. ಅದರ 66ನೇ ಸೆಕ್ಷನ್, ಕಾಪಾಡಬೇಕು ಅಂತ ಸರ್ಕಾರ ಪಟ್ಟಿ ಮಾಡಿದ ಕಟ್ಟಡದ ಬಗ್ಗೆ. ಕಟ್ಟಡವನ್ನೂ ಅದರ ಸುತ್ತಮುತ್ತಲನ್ನೂ ಉಳಿಸುವ ಕಡೆ ವಿಶೇಷ ಗಮನ ಕೊಡಬೇಕು ಅನ್ನುತ್ತದೆ. 72ನೇ ಸೆಕ್ಷನ್ ಸಂರಕ್ಷಿತ ಪ್ರದೇಶದ ಬಗ್ಗೆ. ಅಲ್ಲಿ ಪ್ರದೇಶದ ಒಳಗಿನ ಕಟ್ಟಡ ಮತ್ತು ನೆಲದ ಮಾತು ಇದೆ, ಪ್ರದೇಶದ ಸುತ್ತಮುತ್ತಲಿನ ಮಾತು ಇಲ್ಲ. ಅದು ಸಿಗುವುದು ಸರ್ಕಾರದ ಯೋಜನಾ ನೀತಿಯಲ್ಲಿ ಮಾತ್ರ. ನೀತಿಗೂ ಕಾಯ್ದೆಗೂ ತೂಕದಲ್ಲಿ ವ್ಯತ್ಯಾಸ ಇದೆ. ನೀತಿಯನ್ನು ಸರ್ಕಾರ ಬೇಕಾದಾಗ ಬದಲಿಸಬಹುದು. ಕಲ್ಲುಚಪ್ಪಡಿಯವರು ಮೊದಲಲ್ಲಿ ಕೇಳಿದ ಪ್ರಶ್ನೆಯ ಬೇರು ಇಲ್ಲಿದೆ, ಅಲ್ವಾ? ಗೆರೆ ಎಳೆಯುವ ಕಾನೂನು ಗೆರೆಯ ಆಚೆ ನೋಡುವುದನ್ನೇ ಬಿಟ್ಟಿದೆ.

66ನೇ ಸೆಕ್ಷನ್ನಿಗೆ ಎಷ್ಟು ಬಲ ಅನ್ನುವುದಕ್ಕೆ ಒಂದು ಮೊಕದ್ದಮೆ. ನಾರ್ಥಾಂಪ್ಟನ್‌ಶೈರ್‌ನಲ್ಲಿ ಲಿವ್ಡೆನ್ ನ್ಯೂ ಬೀಲ್ಡ್ ಎಂಬ, ನಾನೂರು ವರ್ಷದ ಹಿಂದೆ ಅರ್ಧಕ್ಕೆ ನಿಂತ, ಛಾವಣಿಯೂ ಇಲ್ಲದ ತೋಟದ ಮನೆ ಇದೆ. ಅದರ ಸುತ್ತಲಿನ ಹೊಲಗಳ ಆಚೆ ನಾಲ್ಕು ಗಾಳಿಯಂತ್ರ ನಿಲ್ಲಿಸುವ ಯೋಜನೆ ಬಂತು. ಸ್ಥಳೀಯ ಆಡಳಿತ ಬೇಡ ಅಂದಿತು, ಮೇಲ್ಮನವಿ ಕೇಳಿದ ಅಧಿಕಾರಿ ಅನುಮತಿ ಕೊಟ್ಟರು. ನೋಡುವವರಿಗೆ ಇದು ಹೊಸದು ಅಂತ ಗೊತ್ತಾಗುತ್ತದೆ, ಹಾಗಾಗಿ ದೊಡ್ಡ ಹಾನಿ ಅಲ್ಲ ಅನ್ನುವುದು ಅವರ ವಾದದಲ್ಲಿತ್ತು. ಕೋರ್ಟು ಅನುಮತಿ ರದ್ದು ಮಾಡಿತು. 2014ರಲ್ಲಿ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾನಿ ಸಣ್ಣದು ಅಂತ ತೀರ್ಮಾನಿಸಿದರೂ ಅದಕ್ಕೆ ಹೆಚ್ಚಿನ ತೂಕ ಕೊಡಲೇಬೇಕು, ಉಳಿದ ಲಾಭಗಳ ಜೊತೆ ಸರಿಸಮ ಇಟ್ಟು ತೂಗುವಂತಿಲ್ಲ ಅಂತ ತೀರ್ಪು.

ನೋಟಕ್ಕೆ ಬೀಳದೆ ಇದ್ದರೂ ಸುತ್ತಮುತ್ತ ಅನ್ನಬಹುದೇ ಅನ್ನುವ ಪ್ರಶ್ನೆಯೂ ಬಂದಿದೆ. ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್ ಹತ್ತಿರ 400 ಮನೆಗಳ ಯೋಜನೆ. ಆ ಹೊಲಗಳು ಒಂದು ಕಾಲಕ್ಕೆ ಅದೇ ಬಂಗಲೆಯ ಜಮೀನು. 2018ರಲ್ಲಿ ಕೋರ್ಟು ಹೇಳಿದ್ದು ಹೀಗೆ: ಇತಿಹಾಸದ ನಂಟು, ಬಳಕೆಯ ನಂಟು ಲೆಕ್ಕಕ್ಕೆ ಬರುತ್ತದೆ, ಆದರೆ ಕಣ್ಣಿಗೆ ಕಾಣುವ ಸಂಬಂಧವೂ ಸಾಮಾನ್ಯವಾಗಿ ಇರಬೇಕು. ಆ ಯೋಜನೆಯ ಅನುಮತಿ ಉಳಿಯಿತು. ಅಂದರೆ ಬರೀ ಹಳೆಯ ದಾಖಲೆ ಹಿಡಿದು ಹೋದರೆ ಸೋಲುವ ಸಾಧ್ಯತೆ ಜಾಸ್ತಿ. ನೋಟದ ಸಾಕ್ಷಿಯನ್ನೂ ಜೊತೆಗೆ ಇಡಿ.

ಜಲಕಣ್ಣು

ಎಲ್ಲರೂ ಕಣ್ಣಿಗೆ ಕಾಣುವುದರ ಬಗ್ಗೆಯೇ ಬರೆಯುತ್ತಿದ್ದೀರಿ. ನನಗೆ ನೆಲದ ಕೆಳಗಿನ ಚಿಂತೆ.

ಹಳೆಯ ಕಟ್ಟಡಗಳ ಅಡಿಪಾಯ ಆಳಕ್ಕೆ ಹೋಗಿರುವುದಿಲ್ಲ. ಸುತ್ತಲಿನ ಮಣ್ಣು, ಅದರ ತೇವ, ನೀರಿನ ಮಟ್ಟ, ಇವುಗಳ ಜೊತೆ ನೂರಾರು ವರ್ಷ ಹೊಂದಿಕೊಂಡು ಕೂತಿರುತ್ತವೆ. ಪಕ್ಕದಲ್ಲಿ ಮೂರು ಹಂತದ ನೆಲಮಾಳಿಗೆ ತೋಡಲು ಹಗಲು ರಾತ್ರಿ ಪಂಪು ಹಾಕಿ ನೀರು ಎತ್ತುತ್ತಾರೆ. ಸುತ್ತ ನೀರಿನ ಮಟ್ಟ ಇಳಿಯುತ್ತದೆ, ಜೇಡಿಮಣ್ಣು ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ಮರದ ಕಂಬಗಳನ್ನು ನೆಲಕ್ಕೆ ಬಡಿದು ಅದರ ಮೇಲೆ ಕಟ್ಟಿದ ಕಡೆ ಇನ್ನೂ ಕಷ್ಟ. ನೀರಿನಲ್ಲಿ ಮುಳುಗಿರುವಷ್ಟು ದಿನ ಆ ಮರ ಕೊಳೆಯುವುದಿಲ್ಲ. ನೀರು ಇಳಿದು ಗಾಳಿ ತಾಗಿದರೆ ಕೊಳೆಯಲು ಶುರು. ಹೊರಗಿನಿಂದ ಏನೂ ಕಾಣುವುದಿಲ್ಲ, ವರ್ಷಗಳ ಮೇಲೆ ಗೋಡೆ ವಾಲುತ್ತದೆ. ಆಗ ಯಾವ ಬಿಲ್ಡರನ್ನು ಹಿಡಿಯುತ್ತೀರಿ?

ಹಾಗಾಗಿ ಪಕ್ಕದ ಕಟ್ಟಡ ಎರಡೇ ಮಹಡಿ, ನೋಟಕ್ಕೆ ಅಡ್ಡಿಯಿಲ್ಲ ಅಂತ ಬಿಟ್ಟುಬಿಡಬೇಡಿ. ಕೆಳಗೆ ಎಷ್ಟು ಆಳ ಅಂತ ಕೇಳಿ. ಕೆಲಸ ಶುರುವಾಗುವ ಮೊದಲೇ ಹಳೆಯ ಕಟ್ಟಡದ ಪ್ರತಿ ಬಿರುಕಿನ ಫೋಟೊ ತೆಗೆದು, ಅಗಲ ಅಳೆದು, ತಾರೀಖು ಹಾಕಿ ಇಡಿ. ಕಂಪನ ಅಳೆಯುವ ಯಂತ್ರ, ನೀರಿನ ಮಟ್ಟ ನೋಡುವ ಕೊಳವೆ ಇಡಬೇಕು ಅಂತ ಅನುಮತಿಯ ಷರತ್ತಿನಲ್ಲೇ ಬರೆಸಿ. ಮೊದಲಿನ ದಾಖಲೆ ಇಲ್ಲದಿದ್ದರೆ, ಈ ಬಿರುಕು ಮುಂಚೆಯೇ ಇತ್ತು ಅನ್ನುತ್ತಾರೆ.

ಗಾಳಿಯೂ ಅಷ್ಟೇ. ತಾಜ್ ಮಹಲಿನ ಸುತ್ತ ಗುರುತಿಸಿದ ವಲಯ ಸುಮಾರು 10,400 ಚದರ ಕಿಲೋಮೀಟರ್. ಹೊಗೆಯಿಂದ ಅಮೃತಶಿಲೆ ಹಳದಿಯಾಗುತ್ತಿದೆ ಅಂತ 1996ರಲ್ಲಿ ಸುಪ್ರೀಂ ಕೋರ್ಟು ಆ ವಲಯದ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು ಅಂದಿತು. ಒಂದೇ ಕಟ್ಟಡಕ್ಕೆ ನೋಟದ ಅಂಚು ಒಂದು ಕಡೆ, ನೀರಿನ ಅಂಚು ಇನ್ನೊಂದು ಕಡೆ, ಗಾಳಿಯ ಅಂಚು ಎಲ್ಲೋ ದೂರ. ಒಂದೇ ಗೆರೆಯಲ್ಲಿ ಮೂರನ್ನೂ ಹಿಡಿಯಲು ಆಗುವುದಿಲ್ಲ.

ಮೂಲೆಮನೆ

ಇದು ಸರಿಯಾದ ಮಾತು. ಈಗ ನನ್ನ ಹಳೆಯ ಪ್ರಶ್ನೆಗೆ ಬರುತ್ತೇನೆ. ಗೆರೆಯಾಚೆ ಜಾಗ ಇರುವವರಿಗೆ ಇಪ್ಪತ್ತು ಮಹಡಿ ಕಟ್ಟುವ ಹಕ್ಕಿತ್ತು ಅಂತಿಟ್ಟುಕೊಳ್ಳಿ. ನೀವು ನಾಲ್ಕಕ್ಕೆ ನಿಲ್ಲಿಸಿದಿರಿ. ಅವರ ನಷ್ಟ ಯಾರು ತುಂಬಿಕೊಡುತ್ತಾರೆ?

ಕಾಯ್ದೆಪುಟ

ಇದಕ್ಕೆ ನ್ಯೂಯಾರ್ಕ್ ಒಂದು ದಾರಿ ಹುಡುಕಿತು. ಪೆನ್ ಸ್ಟೇಷನ್ ಎಂಬ ಅಲ್ಲಿನ ಹಳೆಯ ರೈಲು ನಿಲ್ದಾಣವನ್ನು 1963ರಿಂದ ಕೆಡವಿದರು, ಜನ ರೊಚ್ಚಿಗೆದ್ದರು, 1965ರಲ್ಲಿ ಸ್ಮಾರಕ ಕಾನೂನು ಬಂತು. ಆಮೇಲೆ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ತಲೆಯ ಮೇಲೆ 50ಕ್ಕೂ ಹೆಚ್ಚು ಮಹಡಿಯ ಗೋಪುರ ಕಟ್ಟಲು ಹೊರಟವರನ್ನು ನಗರ ತಡೆಯಿತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1978ರಲ್ಲಿ ನಗರ ಗೆದ್ದಿತು. ಗೆಲ್ಲಲು ನೆರವಾದ ಒಂದು ಸಂಗತಿ ಅಂದರೆ, ಅಲ್ಲಿ ಕಟ್ಟಲಾಗದ ಮಹಡಿಗಳ ಹಕ್ಕನ್ನು ಹತ್ತಿರದ ಬೇರೆ ನಿವೇಶನಗಳಿಗೆ ವರ್ಗಾಯಿಸಲು ಮಾಲೀಕರಿಗೆ ಅವಕಾಶ ಇತ್ತು. ನಮ್ಮಲ್ಲಿ ಟಿಡಿಆರ್ ಅನ್ನುತ್ತೇವಲ್ಲ, ಅದೇ.

ಆದರೆ ಎಚ್ಚರ ಬೇಕು. ಹಕ್ಕು ಕೊಂಡವರು ಇನ್ನೊಂದು ಹಳೆಯ ಪ್ರದೇಶದ ಬಾಗಿಲಲ್ಲೇ ಅದನ್ನು ಬಳಸಿದರೆ ತೊಂದರೆ ಅಲ್ಲಿಗೆ ಹೋಯಿತು ಅಷ್ಟೇ. ಎಲ್ಲಿ ಇಳಿಸಬಹುದು ಅನ್ನುವ ಜಾಗವನ್ನೂ ಮೊದಲೇ ಗೊತ್ತುಮಾಡಬೇಕು.

ಬಿಸಿಲುಮಚ್ಚು

ಇದೆಲ್ಲ ಮೊದಲೇ ಮಾಡಬೇಕಿತ್ತು, ಸರಿ. ಏನೂ ಮಾಡಿಲ್ಲ, ಅರ್ಜಿ ಬಂದಾಗಿದೆ, ಆಕ್ಷೇಪಣೆಗೆ ಕೆಲವೇ ದಿನ ಇದೆ ಅಂದರೆ? ಅಂಥವರು ಏನು ಬರೆಯಬೇಕು? ಪರಂಪರೆ ಹಾಳಾಗುತ್ತದೆ ಅಂತ ಬರೆದರೆ ಯಾರೂ ಓದುವುದಿಲ್ಲ.

ಅಳತೆಪಟ್ಟಿ

ಹೌದು, ಹಾಗೆ ಬರೆಯಬೇಡಿ. ಮೊದಲು ಘೋಷಣೆಯ ಮೂಲ ಪತ್ರ ತೆಗೆಸಿಕೊಳ್ಳಿ. ಪ್ರದೇಶವನ್ನು ಯಾಕೆ ಸಂರಕ್ಷಿತ ಅಂದರು ಅಂತ ಅದರಲ್ಲಿ ಇರುತ್ತದೆ. ಕಡಿಮೆ ಎತ್ತರದ ಮನೆಗಳ ಸಾಲು, ನಡುವೆ ಎದ್ದು ಕಾಣುವ ಗೋಪುರ, ಹಿಂದೆ ಬೆಟ್ಟ, ಹೀಗೆ ಏನೋ ಒಂದು. ಹೊಸ ಕಟ್ಟಡ ಅದರಲ್ಲಿ ಯಾವ ಮಾತನ್ನು ಸುಳ್ಳು ಮಾಡುತ್ತದೆ ಅನ್ನುವುದನ್ನೇ ಬರೆಯಿರಿ. ಆ ಗೋಪುರ ಇನ್ನು ಮುಂದೆ ಎದ್ದು ಕಾಣುವುದಿಲ್ಲ ಅಂತ ತೋರಿಸಿದರೆ ಅಧಿಕಾರಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಅರ್ಜಿಯ ಜೊತೆ ಕೊಟ್ಟಿರುವ ಚಿತ್ರಗಳನ್ನು ಸೂಕ್ಷ್ಮವಾಗಿ ನೋಡಿ. ವೈಡ್ ಲೆನ್ಸಿನಲ್ಲಿ ತೆಗೆದರೆ ದೂರದ ಗೋಪುರ ಕಡ್ಡಿಯಷ್ಟು ಕಾಣುತ್ತದೆ, ನಿಜಕ್ಕೆ ನಿಂತು ನೋಡಿದರೆ ಅಷ್ಟು ಸಣ್ಣದಿರುವುದಿಲ್ಲ. ಯಾವ ಲೆನ್ಸು, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಲ್ಲಿ ನಿಂತು ತೆಗೆದದ್ದು ಅಂತ ಬರಹದಲ್ಲಿ ಕೇಳಿ. ಮರದ ಎಲೆ ತುಂಬಿದ ಕಾಲದಲ್ಲಿ ತೆಗೆದಿದ್ದರೆ ಎಲೆ ಉದುರಿದ ಕಾಲದ ಚಿತ್ರವೂ ಬೇಕು ಅನ್ನಿ. ರಾತ್ರಿ ನೋಟ ಕೇಳಿ. ಹತ್ತಿರದಲ್ಲೇ ಅನುಮತಿ ಸಿಕ್ಕಿ ಇನ್ನೂ ಏಳದ ಕಟ್ಟಡಗಳಿದ್ದರೆ ಅವನ್ನೂ ಸೇರಿಸಿದ ಚಿತ್ರ ಕೇಳಿ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ ಅನ್ನಿಸುತ್ತದೆ. ಒಟ್ಟಿಗೆ ನೋಡಿದಾಗ ಗೋಡೆ ಎದ್ದಿರುತ್ತದೆ.

ಕಲ್ಲುಚಪ್ಪಡಿ

ಚಿತ್ರ ಅರ್ಥವಾಗದ ಜನರಿಗೆ ತೋರಿಸಲು ಏನಾದರೂ ಇದೆಯೇ? ಸಭೆಯಲ್ಲಿ ನಕ್ಷೆ ಬಿಚ್ಚಿದರೆ ಅರ್ಧ ಜನ ಎದ್ದು ಹೋಗುತ್ತಾರೆ.

ಅಳತೆಪಟ್ಟಿ

ಬಲೂನು. ಕಟ್ಟಡ ಏಳುವ ಜಾಗದಲ್ಲಿ, ಅದರ ಪೂರ್ತಿ ಎತ್ತರಕ್ಕೆ, ದಾರ ಕಟ್ಟಿ ದೊಡ್ಡ ಕೆಂಪು ಬಲೂನು ಬಿಡುತ್ತಾರೆ. ಗಾಳಿ ಇಲ್ಲದ ಬೆಳಿಗ್ಗೆ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಓರೆಯಾಗಿ ಎತ್ತರ ಕಡಿಮೆ ಬರುತ್ತದೆ. ಜಾಗದ ಮಾಲೀಕರ ಮತ್ತು ಆಡಳಿತದ ಒಪ್ಪಿಗೆ ಪಡೆದು, ಅವರ ಕಡೆಯವರನ್ನೂ ಕರೆದು, ದಾರದ ಉದ್ದವನ್ನು ಎಲ್ಲರೆದುರು ಅಳೆಯಿರಿ. ಆಮೇಲೆ ಜನರನ್ನು ಹಳೆಯ ಪ್ರದೇಶದ ಒಳಗೆ ಬೇರೆ ಬೇರೆ ಕಡೆ ನಿಲ್ಲಿಸಿ. ಕಂಡವರು ನಿಂತ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಲಿ, ಕಾಣದವರೂ ಹಾಕಲಿ. ಕಾಣದ ಕಡೆಗಳನ್ನೂ ಆಕ್ಷೇಪಣೆಯಲ್ಲಿ ಪ್ರಾಮಾಣಿಕವಾಗಿ ಬರೆಯಿರಿ, ಆಗ ಕಂಡ ಕಡೆಗಳ ಮಾತನ್ನು ನಂಬುತ್ತಾರೆ. ಎತ್ತರ ಎಷ್ಟು ಇಳಿಸಿದರೆ ಬಲೂನು ಮರೆಯಾಗುತ್ತದೆ ಅಂತ ಅದೇ ಹೊತ್ತಿನಲ್ಲಿ ದಾರ ಇಳಿಸಿ ನೋಡಿಕೊಳ್ಳಿ. ಆ ಸಂಖ್ಯೆ ಕೈಯಲ್ಲಿದ್ದರೆ, ಬೇಡ ಅನ್ನುವುದರ ಜೊತೆಗೆ ಎಷ್ಟಾದರೆ ಒಪ್ಪುತ್ತೇವೆ ಅಂತಲೂ ಹೇಳಬಹುದು.